‘ಆರಾಮ ಆಯಿತೇ?’: ಆಯುರ್ವೇದ ಮತ್ತು ಸಂಯೋಜಿತ ಚಿಕಿತ್ಸೆಯಲ್ಲಿ ರೋಗಿಯ ತೃಪ್ತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಆಯುರ್ವೇದ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿ ಹೊರಡುವವರ ಅಭಿಪ್ರಾಯ ಬರೆದುಕೊಳ್ಳುವುದು ಹಲವು ವರ್ಷಗಳಿಂದ ನನ್ನ ಕೆಲಸ. ನಾನು ವೈದ್ಯೆಯಲ್ಲ. ಕೈಯಲ್ಲೊಂದು ರಟ್ಟು, ಅದಕ್ಕೆ ಸಿಕ್ಕಿಸಿದ ಕಾಗದ, ಯಾರೂ ಒಯ್ಯಬಾರದೆಂದು ದಾರ ಕಟ್ಟಿದ ಪೆನ್ನು, ಇಷ್ಟೇ ನನ್ನ ಸಲಕರಣೆ. ಪ್ರಶ್ನೆ ಕೇಳಬೇಕಾದವಳು ನಾನು. ಆದರೆ ನವಲಗುಂದ, ಕುಂದಗೋಳ, ಲಕ್ಷ್ಮೇಶ್ವರ, ಶಿಗ್ಗಾವಿ ಕಡೆಯಿಂದ ಬಂದು ಬೆಂಚಿನ ಮೇಲೆ ಕುಳಿತವರು ನನ್ನನ್ನೇ ಕೇಳುವುದು ಹೆಚ್ಚು. ಅವರು ಮತ್ತೆ ಮತ್ತೆ ಕೇಳಿದ್ದನ್ನೂ, ಆಯುರ್ವೇದ ಓದುವ ಹುಡುಗ ಹುಡುಗಿಯರು ತಮ್ಮ ಸಮೀಕ್ಷೆಗಾಗಿ ಕೇಳಿದ್ದನ್ನೂ ಇಲ್ಲಿ ಸೇರಿಸಿದ್ದೇನೆ.

ರೋಗಿಗೆ ತೃಪ್ತಿಯಾಗಿದೆ ಎಂದರೆ ರೋಗ ವಾಸಿಯಾಗಿದೆ ಎಂದೇ ಅರ್ಥವಲ್ಲವೇ?

ಅಲ್ಲ. ಈ ಗೊಂದಲಕ್ಕೆ ನಮ್ಮ ಕಡೆಯ ಮಾತೇ ಅರ್ಧ ಕಾರಣ. ‘ಆರಾಮ ಇಲ್ಲ’ ಎಂದರೆ ಕಾಯಿಲೆ, ‘ಆರಾಮ ಆಯಿತು’ ಎಂದರೆ ಗುಣ. ದಾರಿಯಲ್ಲಿ ಸಿಕ್ಕವರನ್ನು ‘ಆರಾಮ ಇದ್ದೀರಾ’ ಎಂದು ಕೇಳಿದರೆ ಅದು ಬರೀ ಕುಶಲ. ಹಾಗಾಗಿ ನನ್ನ ಕಾಗದದಲ್ಲಿ ಯಾರಾದರೂ ‘ಆರಾಮ’ ಎಂದು ಬರೆಸಿದರೆ ನನಗೆ ಏನೂ ತಿಳಿಯುವುದಿಲ್ಲ. ನೋವು ಇಳಿಯಿತೇ, ರಾತ್ರಿ ನಿದ್ದೆ ಬಂತೇ, ಅಥವಾ ವೈದ್ಯರು ಹತ್ತು ನಿಮಿಷ ಕುಳಿತು ಕೇಳಿಸಿಕೊಂಡರು ಎಂಬುದಕ್ಕೇ ಮನಸ್ಸು ಹಗುರಾಯಿತೇ?

ಇವು ಬೇರೆ ಬೇರೆ ಎಂಬುದಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. ಅಮೆರಿಕದಲ್ಲಿ ಅಸ್ತಮಾ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದೇ ರೋಗಿಗಳಿಗೆ ಸರದಿಯಂತೆ ನಿಜವಾದ ಔಷಧವಿದ್ದ ಇನ್ಹೇಲರ್, ಔಷಧವಿಲ್ಲದ ಇನ್ಹೇಲರ್ ಮತ್ತು ತೋರಿಕೆಯ ಸೂಜಿ ಚಿಕಿತ್ಸೆ ಕೊಟ್ಟರು. ಒಂದು ಸರದಿಯಲ್ಲಿ ಏನನ್ನೂ ಕೊಡಲಿಲ್ಲ. ಉಸಿರಿನ ಬಲವನ್ನು ಯಂತ್ರದಲ್ಲಿ ಅಳೆದಾಗ ನಿಜವಾದ ಔಷಧದಿಂದ ಶೇ. 20ರಷ್ಟು ಸುಧಾರಣೆ, ಉಳಿದ ಮೂರರಲ್ಲೂ ಸುಮಾರು ಶೇ. 7. ‘ನಿಮಗೆ ಎಷ್ಟು ಸುಧಾರಿಸಿತು’ ಎಂದು ಬಾಯಿಂದ ಕೇಳಿದಾಗ ನಿಜವಾದ ಔಷಧಕ್ಕೆ ಶೇ. 50, ಔಷಧವಿಲ್ಲದ ಇನ್ಹೇಲರಿಗೆ ಶೇ. 45, ತೋರಿಕೆಯ ಸೂಜಿಗೆ ಶೇ. 46! ಏನೂ ಕೊಡದಿದ್ದಾಗ ಮಾತ್ರ ಶೇ. 21. ರೋಗಿಗಳು ಸುಳ್ಳು ಹೇಳಲಿಲ್ಲ. ಅವರಿಗೆ ನಿಜಕ್ಕೂ ಹಗುರೆನಿಸಿತ್ತು, ಶ್ವಾಸನಾಳ ಮಾತ್ರ ತೆರೆದಿರಲಿಲ್ಲ. ಮೊಣಕಾಲು ನೋವಿನಲ್ಲಿ ಹಗುರೆನಿಸುವುದೇ ಮುಖ್ಯ ಲಾಭವಾಗಬಹುದು. ಉಬ್ಬಸದಲ್ಲಿ, ಸಕ್ಕರೆ ಕಾಯಿಲೆಯಲ್ಲಿ, ರಕ್ತದೊತ್ತಡದಲ್ಲಿ ಅಷ್ಟಕ್ಕೇ ಸಮಾಧಾನಪಟ್ಟರೆ ಅಪಾಯ.

ಹಾಗಾದರೆ ತೃಪ್ತಿಯನ್ನು ಅಳೆಯುವುದಾದರೂ ಯಾಕೆ?

ತೃಪ್ತಿಯಾಗದವರು ಮರಳಿ ಬರುವುದಿಲ್ಲ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ಯಾವ ಪದ್ಧತಿಯಲ್ಲೂ ಫಲವಿಲ್ಲ. ಇನ್ನೊಂದು ಮಾತು: ನೀರು ಬಿಸಿ ಇರಲಿಲ್ಲ, ಪರದೆ ಹರಿದಿತ್ತು, ಔಷಧ ಹೇಗೆ ತೆಗೆದುಕೊಳ್ಳಬೇಕೆಂದು ಯಾರೂ ಹೇಳಲಿಲ್ಲ ಎಂಬಂಥ ಸಂಗತಿಗಳು ಯಾವ ರಕ್ತ ಪರೀಕ್ಷೆಯಲ್ಲೂ ಕಾಣುವುದಿಲ್ಲ. ಅವನ್ನು ರೋಗಿಯೇ ಹೇಳಬೇಕು.

ಪ್ರಶ್ನಾವಳಿಯಲ್ಲಿ ಏನೇನು ಇರುತ್ತದೆ?

ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿಗಳಲ್ಲಿ ಒಂದು ಪಿಎಸ್‌ಕ್ಯೂ-18. ಅದರಲ್ಲಿ 18 ಹೇಳಿಕೆಗಳು, ಪ್ರತಿಯೊಂದಕ್ಕೂ ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಕಿಂಚಿತ್ತೂ ಒಪ್ಪುವುದಿಲ್ಲ’ದವರೆಗೆ ಐದು ಮೆಟ್ಟಿಲು. ಒಟ್ಟಾರೆ ತೃಪ್ತಿ, ವೈದ್ಯರ ಕೌಶಲ, ನಡವಳಿಕೆ, ಮಾತುಕತೆ, ಖರ್ಚು, ವೈದ್ಯರು ಕೊಟ್ಟ ಸಮಯ, ಸೇವೆ ಸುಲಭವಾಗಿ ಸಿಗುವುದು ಎಂದು ಏಳು ಭಾಗ. ಕೆಲವು ಹೇಳಿಕೆಗಳನ್ನು ಬೇಕೆಂದೇ ತಿರುವಿ ಬರೆದಿರುತ್ತಾರೆ, ಎಲ್ಲದಕ್ಕೂ ‘ಹೌದು ಹೌದು’ ಎನ್ನುವವರು ಅಲ್ಲಿ ಸಿಕ್ಕಿಬೀಳಲಿ ಎಂದು. ನಮ್ಮಲ್ಲಿ ಅದರಿಂದ ಆದದ್ದು ಬೇರೆ. ‘ವೈದ್ಯರು ಕೆಲವೊಮ್ಮೆ ಅವಸರ ಮಾಡುತ್ತಾರೆ’ ಎಂಬ ಹೇಳಿಕೆಯನ್ನು ಓದಿ ಹೇಳಿದಾಗ ಹಿರಿಯರೊಬ್ಬರು ‘ಯಾರು ಹಾಗೆಂದವರು? ಅವರ ಹೆಸರು ಹೇಳಿ’ ಎಂದು ವೈದ್ಯರ ಪರವಾಗಿ ನನ್ನೊಡನೆಯೇ ಜಗಳಕ್ಕೆ ನಿಂತರು.

ಈ ಪ್ರಶ್ನಾವಳಿಯನ್ನು ಆಯುರ್ವೇದಕ್ಕೆಂದು ಮಾಡಿದ್ದಲ್ಲ. ಪಥ್ಯ, ಕಷಾಯದ ರುಚಿ, ಅಭ್ಯಂಗ ಮಾಡುವವರ ಕೈ, ಎಣ್ಣೆ ಹಚ್ಚುವಾಗಿನ ಮರ್ಯಾದೆ ಇವು ಯಾವುವೂ ಅದರಲ್ಲಿಲ್ಲ. ನಮ್ಮ ಕಡೆಯ ರೋಗಿಯ ಅರ್ಧ ಮಾತು ಇವುಗಳ ಸುತ್ತಲೇ ಇರುವುದರಿಂದ ಬೇರೆ ಪ್ರಶ್ನೆಗಳನ್ನು ಸೇರಿಸಿಕೊಳ್ಳಲೇಬೇಕು.

ಕೇಳಿದರೆ ಎಲ್ಲರೂ ‘ಛಲೋ ನೋಡಿದರು’ ಎಂದೇ ಹೇಳುತ್ತಾರಲ್ಲ?

ಹೇಳುತ್ತಾರೆ. ಆಸ್ಪತ್ರೆಯೊಳಗೆ, ಆಸ್ಪತ್ರೆಯವಳೇ, ಆಸ್ಪತ್ರೆಯ ಕಾಗದ ಹಿಡಿದು ಕೇಳಿದರೆ ಇನ್ನೇನು ಹೇಳಿಯಾರು? ಮನೆಗೆ ಬಂದವರಿಗೆ ಚಹಾ ಹೇಗಿತ್ತು ಎಂದು ಕೇಳಿದ ಹಾಗೆ.

ಒಂದು ದಿನದ ಸಂಗತಿ ಹೇಳುತ್ತೇನೆ. ಅಣ್ಣಿಗೇರಿ ಕಡೆಯ ಅಜ್ಜಿಯೊಬ್ಬರು ಮೊಣಕಾಲಿಗೆ ಜಾನುಬಸ್ತಿ ಮಾಡಿಸಿಕೊಂಡು ಹೊರಟಿದ್ದರು. ಜಾನುಬಸ್ತಿ ಎಂದರೆ ಉದ್ದಿನ ಹಿಟ್ಟಿನಿಂದ ಮೊಣಕಾಲ ಸುತ್ತ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ತುಂಬಿ ಅರ್ಧ ತಾಸಿನಷ್ಟು ಹೊತ್ತು ನಿಲ್ಲಿಸುವುದು. ನಾನು ಕೇಳಿದ್ದಕ್ಕೆಲ್ಲ ಅವರದು ಒಂದೇ ಉತ್ತರ: ‘ಎಲ್ಲಾ ಛಲೋ, ತಂಗಿ.’ ಐದಕ್ಕೆ ಐದು ಅಂಕ ಬರೆದುಕೊಂಡೆ. ಮಧ್ಯಾಹ್ನ ಊಟಕ್ಕೆ ಹೊರಬಂದಾಗ ಅವರು ಬಸ್ಸಿಗೆ ಕಾಯುತ್ತ ಗೋಡೆಯ ನೆರಳಿನಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಕುಳಿತು ‘ಆಯಿ, ನಾಳೆಯೂ ಬರುತ್ತೀರಲ್ಲ?’ ಎಂದೆ. ಸೀರೆಯ ನೆರಿಗೆ ಸರಿಸಿ ಮೊಣಕಾಲು ತೋರಿಸಿದರು. ಹಿಟ್ಟಿನ ಕಟ್ಟೆ ಒಂದು ಬದಿಯಲ್ಲಿ ಸೀಳಿ ಎಣ್ಣೆ ಸೋರಿ ಸೀರೆಯೆಲ್ಲ ಜಿಡ್ಡಾಗಿತ್ತು. ‘ಇದು ಮಗಳು ಪಂಚಮಿಗೆ ಉಡಿಸಿದ ಸೀರೆ. ಹಳೆಯದು ಉಟ್ಟು ಬನ್ನಿ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾಳೆ ನೋಡೋಣ’ ಎಂದರು. ನಮ್ಮಲ್ಲಿ ‘ನೋಡೋಣ’ ಎಂದರೆ ಬರುವುದಿಲ್ಲ ಎಂದೇ ತಿಳಿಯಬೇಕು.

ಅಂದಿನಿಂದ ಎರಡು ಬದಲಾವಣೆ ಮಾಡಿಕೊಂಡೆ. ಒಂದು, ‘ಹೇಗಿತ್ತು?’ ಎಂದು ಕೇಳುವುದನ್ನು ಬಿಟ್ಟು ‘ಏನು ಹೇಳಲಿಲ್ಲ? ಏನು ತಡವಾಯಿತು? ನಿಮ್ಮ ತಂಗಿಯನ್ನು ಇಲ್ಲಿಗೆ ಕಳಿಸುವುದಾದರೆ ಏನೆಂದು ಹೇಳಿ ಕಳಿಸುತ್ತೀರಿ?’ ಎಂದು ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಬರುವಷ್ಟು ನಿಜ ಬೇರೆ ಯಾವುದಕ್ಕೂ ಬರುವುದಿಲ್ಲ. ತಂಗಿಗಾಗಿ ಯಾರೂ ದಾಕ್ಷಿಣ್ಯ ನೋಡುವುದಿಲ್ಲ. ಎರಡು, ಚಿಕಿತ್ಸೆ ಕೊಟ್ಟವರು ಎದುರಿಗಿರುವಾಗ ಕಾಗದ ತೆಗೆಯುವುದಿಲ್ಲ.

ಜನ ಈ ಪದ್ಧತಿಗಳಿಗೆ ಬರುವುದು ಯಾಕೆ? ಅಗ್ಗವೆಂದೇ?

ಅಗ್ಗವೆಂದು ಬಂದವರು ದೇಹ ಶುದ್ಧಿಗೆಂದು ಮಾಡುವ ಪಂಚಕರ್ಮದ ಬಿಲ್ ನೋಡಿದ ಮೇಲೆ ಹಾಗೆನ್ನುವುದಿಲ್ಲ. ಆದರೆ ಬರುವವರ ಸಂಖ್ಯೆ ಸಣ್ಣದಲ್ಲ. 2022ರ ಜುಲೈಯಿಂದ 2023ರ ಜೂನ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ರೋಗ ತಡೆಗೋ ಚಿಕಿತ್ಸೆಗೋ ಆಯುಷ್ (ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪಥಿ ಮುಂತಾದ) ಪದ್ಧತಿಯನ್ನು ಬಳಸಿದವರು ದೇಶದ ಹಳ್ಳಿಗಳಲ್ಲಿ ಸುಮಾರು ಶೇ. 46, ಪಟ್ಟಣಗಳಲ್ಲಿ ಶೇ. 53. ಹಳ್ಳಿಗಿಂತ ಪಟ್ಟಣ ಮುಂದಿದೆ ಎಂಬುದನ್ನು ಗಮನಿಸಿ.

ನನ್ನ ಕಾಗದಗಳಲ್ಲಿ ಹೆಚ್ಚು ಸಲ ಕಾಣುವ ಕಾರಣ ಸಮಯ. ಜಗತ್ತಿನ 67 ದೇಶಗಳ ಮಾಹಿತಿ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾರತದ ಪ್ರಾಥಮಿಕ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಎರಡು ನಿಮಿಷದ ಆಸುಪಾಸಿನಲ್ಲಿತ್ತು. ಸ್ವೀಡನ್‌ನಲ್ಲಿ 22 ನಿಮಿಷಕ್ಕೂ ಹೆಚ್ಚು. ಆಯುರ್ವೇದದ ಪರೀಕ್ಷೆ ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ಬಗೆ. ಮೂರನೆಯದೇ ದೊಡ್ಡದು. ಹಸಿವು ಹೇಗಿದೆ, ಮಲ ಹೇಗೆ ಹೋಗುತ್ತದೆ, ನಿದ್ದೆಯಲ್ಲಿ ಕನಸು ಬೀಳುತ್ತದೆಯೇ, ಯಾವ ಹೊತ್ತಿಗೆ ನೋವು ಜಾಸ್ತಿ? ಎಷ್ಟೋ ಹೆಣ್ಣುಮಕ್ಕಳನ್ನು ಇದನ್ನೆಲ್ಲ ಮನೆಯಲ್ಲಿ ಕೂಡ ಯಾರೂ ಕೇಳಿರುವುದಿಲ್ಲ. ಕೇಳಿದರೆಂಬುದೇ ಅವರಿಗೆ ಅರ್ಧ ಔಷಧ.

ಒಂದು ಎಚ್ಚರಿಕೆ. ಜನ ದವಾಖಾನೆಗೆ ಬರುವುದು ನೋವು ತುತ್ತತುದಿಗೆ ಏರಿದ ದಿನ. ತುದಿ ಮುಟ್ಟಿದ್ದು ಎಷ್ಟೋ ಸಲ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಹೊಗಳಿಕೆ ಮಾತ್ರ ಆ ದಿನ ಕೊಟ್ಟ ಚೂರ್ಣದ ಖಾತೆಗೆ ಹೋಗುತ್ತದೆ.

ದೂರುಗಳು ಯಾವುವು?

ಮೊದಲನೆಯದು ದಿನಗೂಲಿ. ವಿರೇಚನದ, ಎಂದರೆ ಔಷಧ ಕೊಟ್ಟು ಭೇದಿ ಮಾಡಿಸುವ ಚಿಕಿತ್ಸೆಯ ಲೆಕ್ಕವನ್ನೇ ನೋಡಿ. ಮೂರರಿಂದ ಏಳು ದಿನ ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಔಷಧೀಯ ತುಪ್ಪ ಕುಡಿಯಬೇಕು, ದಿನದಿಂದ ದಿನಕ್ಕೆ ಪ್ರಮಾಣ ಏರುತ್ತದೆ. ಆಮೇಲೆ ಮೂರು ದಿನ ಎಣ್ಣೆ ಸ್ನಾನ, ಬೆವರಿಳಿಸುವುದು. ಒಂದು ದಿನ ವಿರೇಚನ. ಅದಾದ ಮೇಲೆ ಮೂರರಿಂದ ಏಳು ದಿನ ಗಂಜಿಯಿಂದ ಆರಂಭಿಸಿ ಹಂತ ಹಂತವಾಗಿ ಊಟಕ್ಕೆ ಮರಳುವುದು. ಎಲ್ಲ ಸೇರಿ ಎರಡು ವಾರದ ಮೇಲೂ ಹೋಗಬಹುದು. ಹೊಲದ ಕೆಲಸದವರಿಗೆ, ಮಾರುಕಟ್ಟೆಯ ಹಮಾಲರಿಗೆ ಎರಡು ವಾರ ಎಂದರೆ ಸಣ್ಣ ಮಾತೇ? ಇದನ್ನು ಮೊದಲ ದಿನವೇ ಬೆರಳೆಣಿಸಿ ಹೇಳಿದರೆ ಜನ ಹೊಂದಿಸಿಕೊಳ್ಳುತ್ತಾರೆ. ನಡುವೆ ತಿಳಿದರೆ ಸಿಟ್ಟು.

ಎರಡನೆಯದು ಮರ್ಯಾದೆ. ಅಭ್ಯಂಗಕ್ಕೆ ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ಇರಬೇಕೆಂಬುದನ್ನು ಹೆಚ್ಚಿನ ಕಡೆ ಪಾಲಿಸುತ್ತಾರೆ. ಪರದೆ ಪೂರ್ತಿ ಮುಚ್ಚದಿರುವುದು, ಬಾಗಿಲು ಬಡಿಯದೆ ಒಳಬರುವುದು, ಹಿಂದಿನವರ ಟವೆಲನ್ನೇ ಕೊಡುವುದು ಇಂಥವು ಕಾಗದದ ಮೇಲೆ ಬರುವುದಿಲ್ಲ, ಕಿವಿಯಲ್ಲಿ ಹೇಳುತ್ತಾರೆ.

ಮೂರನೆಯದು ರುಚಿ. ಮಹಾತಿಕ್ತಕ ಘೃತವೆಂಬ ಕಹಿ ಔಷಧೀಯ ತುಪ್ಪವನ್ನು ಕುಡಿದವರೊಬ್ಬರು ‘ಬೇವಿನ ಮರವನ್ನೇ ತುಪ್ಪದಲ್ಲಿ ಕರಿದು ಕೊಟ್ಟ ಹಾಗಿತ್ತು’ ಎಂದರು. ಇದಕ್ಕೆ ಪರಿಹಾರ ಹೆಚ್ಚಿಲ್ಲ. ಕುಡಿದ ಮೇಲೆ ಬಿಸಿನೀರು, ಅಷ್ಟೇ.

ಸೇವನೆಯ ವಿವರವೂ ತಕರಾರಿನ ಮೂಲ. ಜೇನಿನಲ್ಲೋ ತುಪ್ಪದಲ್ಲೋ, ಊಟಕ್ಕೆ ಮೊದಲೋ ನಂತರವೋ ಎಂಬುದು ಚೀಟಿಯಲ್ಲಿ ಸಂಕೇತಾಕ್ಷರಗಳಲ್ಲಿರುತ್ತದೆ. ಔಷಧ ಕೊಡುವ ಕಿಟಕಿಯಲ್ಲಿ ಇನ್ನೊಮ್ಮೆ ಬಾಯಿಬಿಟ್ಟು ಕೇಳಿ, ಮನೆಯವರಿಂದ ಬರೆಸಿಟ್ಟುಕೊಳ್ಳಿ.

ಪಥ್ಯವೆಂದರೆ ರೊಟ್ಟಿ, ಖಾರ ಎರಡನ್ನೂ ಬಿಡಬೇಕೇ?

ಈ ಪ್ರಶ್ನೆ ಕೇಳುವವರ ಮುಖ ನೋಡಿದರೆ ಶಸ್ತ್ರಚಿಕಿತ್ಸೆಯೇ ಮೇಲು ಎನ್ನುವಂತಿರುತ್ತದೆ. ರೊಟ್ಟಿಯನ್ನು ಎಲ್ಲರಿಗೂ ಬಿಡಿಸುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ವಾದವನ್ನು ಹಾವೇರಿ ಕಡೆಯವರು ವೈದ್ಯರ ಮುಂದೆ ಮಂಡಿಸುವುದನ್ನು ಕೇಳಿದ್ದೇನೆ. ವಾದ ಸರಿಯೇ, ಆದರೆ ಪಿತ್ತದ ತೊಂದರೆಯಿರುವಾಗ ವೈದ್ಯರು ಸೋಲುವುದಿಲ್ಲ. ಪಥ್ಯ ಪಾಲಿಸಲಾಗದಿದ್ದರೆ ಹೇಳಿಬಿಡಿ. ಸಂಜೆ ಮಿರ್ಚಿ ತಿಂದು, ಮರುದಿನ ‘ಪಥ್ಯ ಮಾಡಿದ್ದೇನೆ, ಗುಣವಿಲ್ಲ’ ಎಂದರೆ ವೈದ್ಯರು ಔಷಧವನ್ನು ಏರಿಸುತ್ತಾರೆ. ನಷ್ಟ ನಿಮಗೇ.

ಭಗಂದರಕ್ಕೆ (ಗುದದ ಬಳಿ ಕೀವು ಸೋರುವ ನಾಳಕ್ಕೆ) ಕ್ಷಾರಸೂತ್ರ ಒಳ್ಳೆಯದೋ, ಆಪರೇಷನ್ ಒಳ್ಳೆಯದೋ?

ಇದರ ಬಗ್ಗೆ ಗಟ್ಟಿ ಅಧ್ಯಯನವೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ 502 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ ನೋಡಿತು. ಫಲಿತಾಂಶ ಪ್ರಕಟವಾದದ್ದು 1991ರಲ್ಲಿ. ಕ್ಷಾರಸೂತ್ರದವರಲ್ಲಿ ರೋಗ ಮರುಕಳಿಸಿದ್ದು ಶೇ. 4, ಶಸ್ತ್ರಚಿಕಿತ್ಸೆಯವರಲ್ಲಿ ಶೇ. 11. ಆದರೆ ಗಾಯ ಮಾಯಲು ಕ್ಷಾರಸೂತ್ರಕ್ಕೆ ಸುಮಾರು ಎಂಟು ವಾರ, ಶಸ್ತ್ರಚಿಕಿತ್ಸೆಗೆ ನಾಲ್ಕು.

ಕ್ಷಾರಸೂತ್ರವೆಂದರೆ ಗಟ್ಟಿ ನೂಲಿಗೆ ಔಷಧದ 21 ಲೇಪ: ಮೊದಲು 11 ಬರೀ ಕಳ್ಳಿಹಾಲು, ಅದರ ಮೇಲೆ ಕಳ್ಳಿಹಾಲು ಮತ್ತು ಉತ್ತರಾಣಿಯ ಕ್ಷಾರ 7, ಕೊನೆಗೆ ಕಳ್ಳಿಹಾಲು ಮತ್ತು ಅರಿಶಿನ 3. ಪ್ರತಿ ಲೇಪವೂ ಒಣಗಿದ ಮೇಲೆ ಮುಂದಿನದು. ಆ ದಾರವನ್ನು ನಾಳದೊಳಗೆ ತೂರಿಸಿ ಕಟ್ಟುತ್ತಾರೆ, ವಾರಕ್ಕೊಮ್ಮೆ ಬದಲಾಯಿಸುತ್ತಾರೆ. ಬದಲಾಯಿಸುವ ದಿನ ಉರಿ ಇರುತ್ತದೆ. ಆದ್ದರಿಂದ ತೃಪ್ತಿಯ ಅಂಕ ನೀವು ಯಾವ ವಾರ ಕೇಳುತ್ತೀರಿ ಎಂಬುದರ ಮೇಲೆ ನಿಂತಿದೆ. ಮೂರನೆಯ ವಾರ ಕೇಳಿದರೆ ಬೈಗುಳ, ಆರು ತಿಂಗಳ ನಂತರ ಕೇಳಿದರೆ ಹೊಗಳಿಕೆ.

ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಗುಳಿಗೆ ನುಂಗುತ್ತಿದ್ದೇನೆ. ಆಯುರ್ವೇದ ಶುರು ಮಾಡಿದರೆ ಅವನ್ನು ನಿಲ್ಲಿಸಬಹುದೇ?

ನೀವಾಗಿ ನಿಲ್ಲಿಸಬೇಡಿ. ಎರಡು ಪದ್ಧತಿಗಳನ್ನು ಜೊತೆಗೂಡಿಸುವ ಸಂಯೋಜಿತ ಚಿಕಿತ್ಸೆ ಎಂಬ ಮಾತಿಗೆ ಅರ್ಥ ಬರುವುದೇ ಇಲ್ಲಿ. ಎರಡೂ ಕಡೆಯ ವೈದ್ಯರಿಗೆ ಎರಡೂ ಕಡೆಯ ಔಷಧ ಗೊತ್ತಿರಬೇಕು. ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ಇಂಗ್ಲಿಷ್ ಔಷಧದ ಡಾಕ್ಟರಿಗೆ ಕಷಾಯದ ವಿಷಯ ಹೇಳಿದರೆ ಬೈಯುತ್ತಾರೆಂದು ಮುಚ್ಚಿಡುತ್ತಾರೆ. ಆಯುರ್ವೇದದವರಿಗೆ ಗುಳಿಗೆಯ ವಿಷಯ ಹೇಳಿದರೆ ಬೇಸರವಾಗುತ್ತದೆಂದು ಅದನ್ನೂ ಮುಚ್ಚಿಡುತ್ತಾರೆ. ರೋಗಿಯ ಹೊಟ್ಟೆಯೊಳಗೆ ಮಾತ್ರ ಎರಡೂ ಒಟ್ಟಿಗಿರುತ್ತವೆ.

ಎರಡು ಉದಾಹರಣೆ. ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಜೇಷ್ಠಮಧುವನ್ನು ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಷಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಬಿ.ಪಿ. ಗುಳಿಗೆಯೂ ಜೊತೆಗಿದ್ದರೆ ತೊಂದರೆ ಇಮ್ಮಡಿ. ಸಕ್ಕರೆಯ ಗುಳಿಗೆಯ ಜೊತೆ ಮೆಂತ್ಯ, ಹಾಗಲಕಾಯಿಯ ಔಷಧ ಸೇರಿದರೆ ಸಕ್ಕರೆ ತೀರಾ ಇಳಿದು ತಲೆಸುತ್ತು ಬರಬಹುದು. ನಿಮ್ಮ ಔಷಧಗಳೆಲ್ಲ ಒಂದೇ ಚೀಲದಲ್ಲಿರಲಿ. ಕಿರಾಣಿ ಅಂಗಡಿಯ ಕೈಚೀಲವಾದರೂ ಸರಿ, ಎಲ್ಲಿಗೆ ಹೋದರೂ ಅದನ್ನು ಮೇಜಿನ ಮೇಲೆ ಸುರಿಯಿರಿ.

ಆಯುರ್ವೇದಕ್ಕೆ ಅಡ್ಡ ಪರಿಣಾಮವೇ ಇಲ್ಲ ಎನ್ನುತ್ತಾರೆ, ನಿಜವೇ?

ಪರಿಣಾಮ ಇರುವುದಕ್ಕೆಲ್ಲ ಅಡ್ಡ ಪರಿಣಾಮವೂ ಇರುತ್ತದೆ. ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಸಿಕ್ಕ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾಯಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಬೇಲಿಯಲ್ಲಿ ಕಂಡ ಬಳ್ಳಿಯನ್ನೆಲ್ಲ ಅಮೃತಬಳ್ಳಿಯೆಂದು ತಿಂಗಳುಗಟ್ಟಲೆ ಕುದಿಸಿ ಕುಡಿಯುವುದು ಯಾವ ಶಾಸ್ತ್ರದಲ್ಲೂ ಇಲ್ಲ.

ಪುಡಿಯನ್ನು ಹೆಸರಿಲ್ಲದ ಕಾಗದದ ಪೊಟ್ಟಣದಲ್ಲಿ ಕೊಟ್ಟರೆ ಏನೆಂದು ಕೇಳಿ. ಕಂಪನಿಯ ಔಷಧವಾದರೆ ಡಬ್ಬಿಯ ಮೇಲೆ ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಇರಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈ ಕಡಿತ ಶುರುವಾದರೆ ಔಷಧ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ.

ಗೋಡೆಯ ಮೇಲೆ, ಮೊಬೈಲಿನಲ್ಲಿ ‘ಸಕ್ಕರೆ ಕಾಯಿಲೆ ಬೇರುಸಹಿತ ನಾಶ’ ಎಂದು ಬರೆದವರ ತಂಟೆಗೆ ಹೋಗಬೇಡಿ. ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ, ಪಾರ್ಶ್ವವಾಯು ಸೇರಿ 54 ಸ್ಥಿತಿಗಳಿಗೆ ಹಾಗೆ ಜಾಹೀರಾತು ಕೊಡುವುದು 1954ರ ಕಾಯ್ದೆಯಂತೆ ಅಪರಾಧ. ಎತ್ತರ ಹೆಚ್ಚಿಸುವ ಔಷಧವೂ ಆ ಪಟ್ಟಿಯಲ್ಲಿದೆ.

ನಾಟಿ ವೈದ್ಯರ ಹತ್ತಿರ ಹೋದವರಿಗೂ ತೃಪ್ತಿ ಇರುತ್ತದಲ್ಲ?

ಬಹಳ ಇರುತ್ತದೆ. ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತಲಿನ ಹಳ್ಳಿಗಳಲ್ಲಿ ಗಿಡಮೂಲಿಕೆಯ ತಿಳಿವಳಿಕೆ ತಲೆಮಾರುಗಳಿಂದ ಬಂದದ್ದು. 2019ರಲ್ಲಿ ಆ ಗುಡ್ಡ ವನ್ಯಜೀವಿಧಾಮವಾದ ಮೇಲೆ ಅಲ್ಲಿ ಬೇರು ಕೀಳಲು ಮೊದಲಿನ ಸಲೀಸಿಲ್ಲ, ಅದು ಒಳ್ಳೆಯದೇ. ಆ ತಿಳಿವಳಿಕೆಯನ್ನು ಹಗುರಾಗಿ ಕಾಣುವವಳು ನಾನಲ್ಲ.

ಆದರೆ ಕಾಮಣಿಯನ್ನು ತೆಗೆದುಕೊಳ್ಳಿ. ಕಲುಷಿತ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಯಾರು ಸೊಪ್ಪಿನ ರಸ ಕೊಟ್ಟಿದ್ದರೋ ಅವರೇ ದೇವರು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಬಂದ ಕಾಮಾಲೆಗೂ ಅದೇ ರಸ ಕುಡಿದು ತಿಂಗಳು ಕಳೆದವರನ್ನು, ಗರ್ಭಿಣಿಗೆ ಕಾಮಾಲೆಯಾದಾಗ ಕಾದು ಕುಳಿತವರನ್ನು ಕಂಡವರಿಗೆ ಆ ತೃಪ್ತಿಯ ಬೆಲೆ ಗೊತ್ತು. ಎಲುಬು ಕೂಡಿಸುವವರ ಬಿದಿರಿನ ಕಟ್ಟೂ ಹಾಗೆಯೇ. ಕಟ್ಟಿದ ಮೇಲೆ ಬೆರಳುಗಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಬೆಳಗಾಗುವವರೆಗೆ ಕಾಯಬೇಡಿ. ಕಟ್ಟು ಬಿಚ್ಚಿಸಿ ದೊಡ್ಡಾಸ್ಪತ್ರೆಗೆ ಓಡಿ.

ಕಾನೂನಿನ ಮಾತು: ಮಾನ್ಯ ಪದವಿ, ನೋಂದಣಿ ಇಲ್ಲದವರು ವೈದ್ಯವೃತ್ತಿ ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ ಹೇಳಿದೆ. ಆಯುರ್ವೇದದ ಪದವಿಯಾದ ಬಿ.ಎ.ಎಂ.ಎಸ್. ಎಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ತರಬೇತಿ. ಹುಬ್ಬಳ್ಳಿಯ ಹೆಗ್ಗೇರಿಯಲ್ಲಿ, ಗದಗಿನಲ್ಲಿ ಆಯುರ್ವೇದ ಕಾಲೇಜುಗಳೇ ಇವೆ, ಅವುಗಳಿಗೆ ಆಸ್ಪತ್ರೆಗಳೂ ಇವೆ. ಗೋಡೆಯ ಮೇಲಿನ ನೋಂದಣಿ ಸಂಖ್ಯೆಯನ್ನು ಓದಲು ಸಂಕೋಚ ಬೇಡ.

ಹೋಮಿಯೋಪಥಿ ವೈದ್ಯರು ಇಂಗ್ಲಿಷ್ ಔಷಧ ಬರೆದುಕೊಟ್ಟರೆ?

ತಾನು ಓದದ ಪದ್ಧತಿಯ ಔಷಧ ಕೊಡುವುದೇ ನಿರ್ಲಕ್ಷ್ಯವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಆ ಪ್ರಕರಣದಲ್ಲಿ ಹೋಮಿಯೋಪಥಿ ವೈದ್ಯರೊಬ್ಬರು ಜ್ವರಕ್ಕೆ ಅಲೋಪಥಿ ಔಷಧ ಕೊಟ್ಟಿದ್ದರು, ರೋಗಿ ಬದುಕಲಿಲ್ಲ. ಕೆಲವು ರಾಜ್ಯಗಳು ಕೆಲವು ಸಂದರ್ಭಗಳಿಗೆ ಪ್ರತ್ಯೇಕ ಆದೇಶ ಮಾಡಿಕೊಂಡಿರುವುದುಂಟು. ನಿಮ್ಮ ಚೀಟಿಯಲ್ಲಿ ಎರಡೂ ಬಗೆಯ ಔಷಧವಿದ್ದರೆ ಯಾರ ಸಲಹೆಯ ಮೇರೆಗೆ ಎಂದು ಕೇಳುವುದು ನಿಮ್ಮ ಹಕ್ಕು.

ವಿಮೆ ಸಿಗುತ್ತದೆಯೇ?

ಆಯುಷ್ ಚಿಕಿತ್ಸೆಯನ್ನು ಉಳಿದ ಚಿಕಿತ್ಸೆಗಳಿಗೆ ಸಮನಾಗಿ ಪರಿಗಣಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಕಂಪನಿಗಳಿಗೆ ಸೂಚಿಸಿದೆ. ಆದರೂ ಒಳರೋಗಿಯಾಗಿ ದಾಖಲಾಗಬೇಕು, ಆಸ್ಪತ್ರೆ ವಿಮೆಯವರ ವ್ಯಾಖ್ಯೆಗೆ ಹೊಂದಬೇಕು. ಮೈ ಹಗುರಾಗಲೆಂದು ಮಾಡಿಸಿಕೊಳ್ಳುವ ಎಣ್ಣೆ ಮಸಾಜಿಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ದಾಖಲಾಗುವ ಮೊದಲೇ ಕೇಳಿ, ನಂತರ ಕೇಳಿ ಅತೃಪ್ತರಾಗಬೇಡಿ.

ದೂರು ಕೊಡುವುದು ಎಲ್ಲಿ?

ಮೊದಲು ಆಸ್ಪತ್ರೆಯಲ್ಲೇ, ಬರಹದಲ್ಲಿ. ಬಾಯಿಮಾತಿನ ದೂರು ಸಂಜೆಯೊಳಗೆ ಆವಿಯಾಗುತ್ತದೆ. ಖಾಸಗಿ ಆಸ್ಪತ್ರೆಯಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಆಯುಷ್ ಕೇಂದ್ರಗಳಿಗೂ ಅನ್ವಯಿಸುತ್ತದೆ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ನೀವು ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವೈದ್ಯರ ನಡತೆಯ ಬಗ್ಗೆಯಾದರೆ ರಾಜ್ಯದ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿ. ಎಲ್ಲಿಗೆ ಹೋದರೂ ಚೀಟಿ, ಬಿಲ್, ಔಷಧದ ಡಬ್ಬಿ ಬೇಕು. ಖಾಲಿಯಾದರೂ ಎಸೆಯಬೇಡಿ.

ಮೊಬೈಲಿನಲ್ಲಿ ಕಾಣುವ ನಕ್ಷತ್ರಗಳನ್ನು ನಂಬಬಹುದೇ?

ಐದು ನಕ್ಷತ್ರ ಕೊಟ್ಟವರಿಗಿಂತ ಮೂರು ಕೊಟ್ಟವರ ಮಾತು ಓದಿ. ಅವರು ಸಾಮಾನ್ಯವಾಗಿ ಏನಾಯಿತೆಂದು ಬರೆದಿರುತ್ತಾರೆ.

ನಾನು ಆಯುರ್ವೇದ ವಿದ್ಯಾರ್ಥಿ. ತೃಪ್ತಿಯ ಸಮೀಕ್ಷೆ ಮಾಡಬೇಕಿದೆ. ಏನು ನೆನಪಿಡಲಿ?

ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಹೆಸರನ್ನೂ ಬರೆದುಕೊಳ್ಳಬೇಡಿ. ಪ್ರಶ್ನೆಗಳನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬಿಟ್ಟುಬಿಡಬೇಡಿ. ‘ಸಂವಹನ ಸಮರ್ಪಕವಾಗಿತ್ತೇ’ ಎಂದು ಕೇಳಿದ ಹುಡುಗನಿಗೆ ರೋಗಿಯೊಬ್ಬರು ‘ವಾಹನ ನಮ್ಮದೇ, ತಮ್ಮಾ’ ಎಂದಿದ್ದರು. ತೃಪ್ತಿಯನ್ನೂ ಗುಣವನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಅಮೆರಿಕದಲ್ಲಿ ಸುಮಾರು 52 ಸಾವಿರ ಜನರ ಮಾಹಿತಿ ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅತಿ ಹೆಚ್ಚು ತೃಪ್ತರಾಗಿದ್ದವರಲ್ಲೇ ಆಸ್ಪತ್ರೆಯ ದಾಖಲಾತಿ, ಖರ್ಚು, ಸಾವಿನ ಪ್ರಮಾಣ ಹೆಚ್ಚಿತ್ತು. ಕೇಳಿದ್ದನ್ನೆಲ್ಲ ಕೊಡುವ ವೈದ್ಯರು ರೋಗಿಗೆ ಪ್ರಿಯರಾಗಬಹುದು, ಅಷ್ಟೇ.

ಎಲ್ಲಕ್ಕಿಂತ ಮುಖ್ಯ, ಬಾರದೆ ಹೋದವರನ್ನು ಹುಡುಕಿ. ಬೆಂಚಿನ ಮೇಲೆ ಕುಳಿತವರನ್ನಷ್ಟೇ ಕೇಳಿದರೆ, ಉಳಿದುಕೊಂಡವರ ತೃಪ್ತಿಯಷ್ಟೇ ಸಿಗುತ್ತದೆ. ಗದಗ ಕಡೆಯ ಒಬ್ಬರು ಬಸ್ತಿ ಚಿಕಿತ್ಸೆಯನ್ನು (ಎನಿಮಾದಂತೆ ಔಷಧ ಕೊಡುವುದು) ಮೂರೇ ದಿನಕ್ಕೆ ಬಿಟ್ಟರು. ಔಷಧ ಒಗ್ಗಲಿಲ್ಲವೆಂದು ವೈದ್ಯರೂ, ಹಣ ಸಾಲಲಿಲ್ಲವೆಂದು ನಾನೂ ಅಂದುಕೊಂಡೆವು. ಫೋನ್ ಮಾಡಿದಾಗ ತಿಳಿಯಿತು: ಅವರ ಸರದಿ ಮಧ್ಯಾಹ್ನ ಮೂರಕ್ಕೆ, ಅದು ಮುಗಿದು ವಿಶ್ರಾಂತಿಯಾಗುವಷ್ಟರಲ್ಲಿ ಅವರ ಊರಿನ ಕೊನೆಯ ಬಸ್ ಹೋಗಿಬಿಡುತ್ತಿತ್ತು. ನೋವು ಅರ್ಧ ಇಳಿದಿತ್ತಂತೆ. ಈಗ ದೂರದ ಊರಿನವರಿಗೆಲ್ಲ ಬೆಳಗಿನ ಸರದಿ. ಹುಬ್ಬಳ್ಳಿಯವರು ಅದಕ್ಕೆ ಗೊಣಗುತ್ತಾರೆ, ಅದನ್ನೂ ಬರೆದುಕೊಳ್ಳುತ್ತಿದ್ದೇನೆ.